ಕ್ಷೇತ್ರ ಪುನರ್ವಿಂಗಡಣೆ: ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬ ಲೆಕ್ಕ ನೀವೇ ಹಾಕುವುದು ಹೇಗೆ

ಲೋಕಸಭೆಯಲ್ಲಿ ಕರ್ನಾಟಕದ 28 ಸೀಟು 1971ರ ಜನಗಣತಿಯ ಲೆಕ್ಕದ್ದು. 1976ರಲ್ಲಿ ಸಂವಿಧಾನಕ್ಕೆ ತಂದ 42ನೇ ತಿದ್ದುಪಡಿ ಈ ಹಂಚಿಕೆಯನ್ನು 2000ದ ನಂತರದ ಮೊದಲ ಜನಗಣತಿವರೆಗೆ ಹಾಗೇ ಉಳಿಸಿತು. ಕುಟುಂಬ ಯೋಜನೆಯನ್ನು ನಿಷ್ಠೆಯಿಂದ ಜಾರಿ ಮಾಡಿದ ರಾಜ್ಯಕ್ಕೆ ಅದರಿಂದಲೇ ನಷ್ಟವಾಗಬಾರದು, ಅಷ್ಟರೊಳಗೆ ಉಳಿದವೂ ಸಮಕ್ಕೆ ಬರುತ್ತವೆ ಎಂಬ ನಂಬಿಕೆ ಅದರ ಹಿಂದಿತ್ತು. ಬರಲಿಲ್ಲ. 2001ರ 84ನೇ ತಿದ್ದುಪಡಿ ಗಡುವನ್ನು 2026ರ ನಂತರದ ಮೊದಲ ಜನಗಣತಿಗೆ ದೂಡಿತು. ಈಗಲೂ ಅಂತರ ಉಳಿದಿದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ ಮಕ್ಕಳು ಬಿಹಾರದಲ್ಲಿ 3.0, ಉತ್ತರ ಪ್ರದೇಶದಲ್ಲಿ 2.4, ಕರ್ನಾಟಕದಲ್ಲಿ 1.7. ಮುಂದೆ ಹೀಗಾದೀತು ಎಂಬ ಒಂದು ಊಹೆಯ ಮೇಲೆ ಸಂಸತ್ತಿನ ಹಂಚಿಕೆ ಇಷ್ಟು ವರ್ಷ ನಿಂತಿದೆ.

ಈ ವಿಷಯದಲ್ಲಿ ವೇದಿಕೆಗೊಂದು ಅಂಕಿ ಹರಿದಾಡುತ್ತದೆ. ನಿಜ ಯಾವುದು ಎಂದು ನೋಡಲು ಒಂದು ಕ್ಯಾಲ್ಕುಲೇಟರ್ ಸಾಕು.

ಮೊದಲು ಜನಗಣತಿಯ ವರ್ಷ ಗಟ್ಟಿ ಮಾಡಿಕೊಳ್ಳಿ. ಒಬ್ಬರು 2011ರ ಎಣಿಕೆ ಹಿಡಿದು, ಇನ್ನೊಬ್ಬರು 2026ರ ಅಂದಾಜು ಹಿಡಿದು ವಾದಕ್ಕೆ ಇಳಿದರೆ ಅದು ಬಗೆಹರಿಯುವುದಿಲ್ಲ. ಅಂದಾಜಿನ ಅಂಕಿ ಕೊಟ್ಟವರನ್ನು ಎರಡು ಪ್ರಶ್ನೆ ಕೇಳಿ: ಜನನ ಪ್ರಮಾಣ ಎಷ್ಟು ಎಂದುಕೊಂಡಿದ್ದೀರಿ, ವಲಸೆಯನ್ನು ಹೇಗೆ ಸೇರಿಸಿದ್ದೀರಿ? ಕೆಲಸಕ್ಕೆಂದು ಹೊರಗಿನಿಂದ ಜನ ಬಂದು ನೆಲೆಸುವ ಕರ್ನಾಟಕಕ್ಕೆ ಎರಡನೆಯದು ದೊಡ್ಡ ಪ್ರಶ್ನೆ. ಅಭ್ಯಾಸಕ್ಕೆ 2011ರ ಎಣಿಕೆಯೇ ಒಳ್ಳೆಯದು. ದೇಶ 121.09 ಕೋಟಿ, ಕರ್ನಾಟಕ 6.11, ಉತ್ತರ ಪ್ರದೇಶ 19.98, ಬಿಹಾರ 10.41, ತಮಿಳುನಾಡು 7.21, ಕೇರಳ 3.34 ಕೋಟಿ.

ರಾಜ್ಯದ ಜನಸಂಖ್ಯೆಯನ್ನು ದೇಶದ ಜನಸಂಖ್ಯೆಯಿಂದ ಭಾಗಿಸಿ, ಲೋಕಸಭೆಯ ಒಟ್ಟು ಸೀಟು 543ರಿಂದ ಗುಣಿಸಿ. ಕರ್ನಾಟಕಕ್ಕೆ 27.4 ಬರುತ್ತದೆ, ಅಂದರೆ ನಮ್ಮ ಸೀಟಿನಲ್ಲಿ ದೊಡ್ಡ ಏರುಪೇರಿಲ್ಲ. ಪೆಟ್ಟು ಬೀಳುವುದು ನೆರೆಯವರಿಗೆ: ತಮಿಳುನಾಡು 39ರಿಂದ 32ಕ್ಕೆ, ಕೇರಳ 20ರಿಂದ 15ಕ್ಕೆ. ಬಿಹಾರ 40ರಿಂದ 47ಕ್ಕೆ ಏರುತ್ತದೆ, ಉತ್ತರ ಪ್ರದೇಶ 80ರಿಂದ 90ಕ್ಕೆ.

ಆ 90ರಲ್ಲಿ ಒಂದು ತಪ್ಪು ಅಡಗಿದೆ. 543ರಲ್ಲಿ 19 ಸೀಟು ಕೇಂದ್ರಾಡಳಿತ ಪ್ರದೇಶಗಳವು, ಅವುಗಳ ಹಂಚಿಕೆಯೇ ಬೇರೆ. ಅವುಗಳ ಸುಮಾರು 3.27 ಕೋಟಿ ಜನರನ್ನೂ ಆ 19 ಸೀಟನ್ನೂ ಕಳೆದರೆ 117.8 ಕೋಟಿ ಜನಕ್ಕೆ 524 ಸೀಟು ಉಳಿಯುತ್ತದೆ. ಈಗ ಉತ್ತರ ಪ್ರದೇಶಕ್ಕೆ 88.9, ಅಂದರೆ 89. ಕರ್ನಾಟಕ 27.2ಕ್ಕೆ ಇಳಿಯುತ್ತದೆ. ಜನಸಂಖ್ಯೆಯ ಅಳತೆಗಿಂತ ಹೆಚ್ಚು ಸೀಟಿರುವ ಸಣ್ಣ ರಾಜ್ಯಗಳನ್ನೂ ಲೆಕ್ಕಕ್ಕೆ ತಂದರೆ ಉಳಿದವರ ಪಾಲು ಇನ್ನೂ ಕೊಂಚ ಕರಗುತ್ತದೆ. ಒಂದೆರಡು ಸೀಟಿನ ವ್ಯತ್ಯಾಸಕ್ಕೆ ಜಗಳವಾಡುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ದಶಮಾಂಶವನ್ನು ಹೇಗೆ ಪೂರ್ಣಾಂಕ ಮಾಡುತ್ತೇವೆ ಎಂಬುದರಿಂದಲೂ ಒಂದು ಸೀಟು ಆಚೀಚೆ ಆಗುತ್ತದೆ.

‘ಯಾವ ರಾಜ್ಯಕ್ಕೂ ಒಂದು ಸೀಟೂ ಕಡಿಮೆಯಾಗುವುದಿಲ್ಲ’ ಎಂಬ ಭರವಸೆಯನ್ನು ಮಾತ್ರ ನಿಧಾನವಾಗಿ ಪರೀಕ್ಷಿಸಬೇಕು. ಸದನವನ್ನು ದೊಡ್ಡದು ಮಾಡಿದರೆ ಈ ಭರವಸೆ ಉಳಿಸಿಕೊಳ್ಳಬಹುದು. ಎಷ್ಟು ದೊಡ್ಡದು? ಕೇರಳದ ಜನಸಂಖ್ಯೆಯನ್ನು 20ರಿಂದ ಭಾಗಿಸಿದರೆ ಸೀಟಿಗೆ 16.7 ಲಕ್ಷ ಜನ. ಅದೇ ಅಳತೆಯಲ್ಲಿ ಇಡೀ ದೇಶಕ್ಕೆ ಸುಮಾರು 725 ಸೀಟು ಬೇಕು. ಆಗ ಕೇರಳಕ್ಕೆ 20 ಹಾಗೇ ಇರುತ್ತದೆ, ಕರ್ನಾಟಕಕ್ಕೆ 36 ಅಥವಾ 37, ಉತ್ತರ ಪ್ರದೇಶಕ್ಕೆ 120. ದೊಡ್ಡ ರಾಜ್ಯಗಳಲ್ಲಿ ಸೀಟು ಯಾರದ್ದೂ ಹೋಗಲಿಲ್ಲ. ಆದರೆ ಸದನದಲ್ಲಿ ಕೇರಳದ ಪಾಲು ಶೇ 3.7ರಿಂದ 2.8ಕ್ಕೆ ಇಳಿಯಿತು. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಆಸನಗಳಿವೆ. ಅಷ್ಟನ್ನೂ ತುಂಬಿದರೂ ಕೇರಳದ ಪಾಲು ಅದೇ 2.8. ಮತ ಎಣಿಸುವಾಗ ನಡೆಯುವುದು ಪಾಲಿನ ಲೆಕ್ಕ. ಆದ್ದರಿಂದ ಯಾರೇ ಭರವಸೆ ಕೊಟ್ಟರೂ ‘ಸೀಟೋ, ಪಾಲೋ?’ ಎಂದು ಕೇಳಿ. ಇಷ್ಟು ಕೇಳದೆ ಬಿಟ್ಟರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ಪಾಲಿನ ಬೆಲೆ ಗೊತ್ತಾಗುವುದು ಸಂವಿಧಾನ ತಿದ್ದುಪಡಿ ಮತಕ್ಕೆ ಬಂದಾಗ. ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಬೇಕು. 543 ಮಂದಿಯೂ ಮತ ಹಾಕಿದರೆ 182 ಮಂದಿ ಬೇಡವೆಂದಾಗ ಅದು ಬೀಳುತ್ತದೆ. ದಕ್ಷಿಣದ ಐದು ರಾಜ್ಯಗಳಿಗೆ ಇಂದು 129 ಸೀಟಿದೆ, ಇನ್ನು 53 ಜನ ಜೊತೆಗೂಡಬೇಕು. 2011ರ ಲೆಕ್ಕದಲ್ಲಿ ಐದೂ ಸೇರಿ ಸುಮಾರು 113. ಆಗ ಬೇಕಾಗುವುದು 69. ಸಂಸದರು ರಾಜ್ಯ ನೋಡಿ ಮತ ಹಾಕುವುದು ಅಪರೂಪ, ಪಕ್ಷ ನೋಡಿ ಹಾಕುತ್ತಾರೆ ಎಂಬುದು ನಿಜ. ಆದರೆ ಪಕ್ಷಗಳು ತಮ್ಮ ನಿಲುವು ತೀರ್ಮಾನಿಸುವುದು ಎಲ್ಲಿ ಎಷ್ಟು ಸೀಟಿದೆ ಎಂದು ಅಳೆದೇ.

ಇನ್ನು ಇದೇ ಲೆಕ್ಕವನ್ನು ನಮ್ಮ ರಾಜ್ಯದೊಳಗೆ ಹಾಕಿ ನೋಡಿ, ಇದನ್ನು ಬಹಳ ಮಂದಿ ಮರೆಯುತ್ತಾರೆ. ರಾಜ್ಯದ ಒಟ್ಟು ಸೀಟು ಮುಟ್ಟದೆ ಒಳಗಿನ ಗಡಿಗಳನ್ನು 2001ರ ಜನಗಣತಿಯಂತೆ ಮತ್ತೆ ಗುರುತಿಸಲಾಯಿತು. ಆ ಹೊಸ ಕ್ಷೇತ್ರಗಳಲ್ಲಿ ಮೊದಲು ಚುನಾವಣೆ ನಡೆದದ್ದೇ ಕರ್ನಾಟಕದಲ್ಲಿ, 2008ರ ವಿಧಾನಸಭೆಗೆ. ಬೆಂಗಳೂರು ನಗರ ಜಿಲ್ಲೆಗೆ 28 ಕ್ಷೇತ್ರ ಬಂದವು. 2011ರಲ್ಲಿ ಆ ಜಿಲ್ಲೆಯ ಜನಸಂಖ್ಯೆ 96.2 ಲಕ್ಷ, ರಾಜ್ಯದ ಶೇ 15.7. ಅದನ್ನು ವಿಧಾನಸಭೆಯ ಒಟ್ಟು 224 ಕ್ಷೇತ್ರಕ್ಕೆ ಗುಣಿಸಿದರೆ 35. ಹೆಚ್ಚುವರಿ ಏಳು ಕ್ಷೇತ್ರಗಳು ರಾಜ್ಯದ ಬೇರೆ ಜಿಲ್ಲೆಗಳಿಂದಲೇ ಬರಬೇಕು. ದೆಹಲಿಯ ಮುಂದೆ ನಾವು ಎತ್ತುವ ಪ್ರಶ್ನೆಯನ್ನು ಆಗ ಆ ಜಿಲ್ಲೆಗಳು ನಮ್ಮ ಮುಂದೆ ಎತ್ತುತ್ತವೆ. ನಿಮ್ಮ ಜಿಲ್ಲೆಯ ಜನಸಂಖ್ಯೆ, ಈಗಿರುವ ಕ್ಷೇತ್ರಗಳು, ಲೆಕ್ಕದಲ್ಲಿ ಬರುವ ಕ್ಷೇತ್ರಗಳು: ಈ ಮೂರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ನಿಮ್ಮ ಶಾಸಕರು ಸಭೆಗೆ ಬಂದಾಗ ಅವರ ನಿಲುವೇನು ಎಂದು ಕೇಳಿ.