ಮೂರು ಪದರದ ಸ್ಟೀಲ್ ಬಾಣಲಿಯೂ ನಮ್ಮೂರಿನ ಬೋರ್‌ವೆಲ್ ನೀರೂ

ದಾವಣಗೆರೆಯಲ್ಲಿ ಸ್ಟೀಲ್ ಪಾತ್ರೆ ಅಂದರೆ ತೂಕದ ವ್ಯಾಪಾರ. ಡಬರಿ, ಪರಾತ, ಕೊಡ ಎಲ್ಲವನ್ನೂ ತಕ್ಕಡಿಗಿಟ್ಟು ಕೆ.ಜಿ. ಲೆಕ್ಕದಲ್ಲಿ ಕೊಡುತ್ತಾರೆ. ಟ್ರೈ-ಪ್ಲೈ ಅಂತ ಕರೆಯುವ ಮೂರು ಪದರದ ಪಾತ್ರೆಗೆ ಮಾತ್ರ ಆ ಲೆಕ್ಕವಿಲ್ಲ. 24 ಸೆಂ.ಮೀ. ಬಾಣಲಿ ಒಂದಕ್ಕೇ ಎರಡೂವರೆ, ಮೂರು ಸಾವಿರ ಹೇಳುತ್ತಾರೆ. ಅಷ್ಟು ದುಡ್ಡು ಕೊಟ್ಟು ತಂದು, ‘ಎಲ್ಲಾ ಅಂಟ್ಕೊಳ್ತೈತ್ರಿ’ ಅಂತ ಅಟ್ಟಕ್ಕೆ ಏರಿಸಿದವರು ನನ್ನ ಪರಿಚಯದಲ್ಲೇ ಇದ್ದಾರೆ. ನನಗೆ ಆ ಪಾತ್ರೆಗಳ ಬಗ್ಗೆಯೇ ಸಂಕಟವಾಗುತ್ತದೆ. ಉರಿಯ ಲೆಕ್ಕ ಒಂದು ಗೊತ್ತಾದರೆ ಇವುಗಳಷ್ಟು ನಂಬಿಕೆಯ ಪಾತ್ರೆ ಅಡುಗೆಮನೆಯಲ್ಲಿ ಬೇರೆ ಇಲ್ಲ. ನಮ್ಮ ಮನೆಯಲ್ಲಿ ಪಲ್ಯ, ಗೊಜ್ಜು, ಉಪ್ಪಿಟ್ಟು, ಹಾಲು ಎಲ್ಲ ಇವುಗಳಲ್ಲೇ.

ಕೊಳ್ಳುವ ಮಾತು ಮೊದಲು. ಚೌಕಿಪೇಟೆ ಕಡೆ ಪಾತ್ರೆ ಅಂಗಡಿಗಳಲ್ಲಿ ಕೇಳಿದರೆ ಮಾಲೀಕರು ಅಯಸ್ಕಾಂತ ತೆಗೆದು ಪಾತ್ರೆಗೆ ಹಚ್ಚಿ ತೋರಿಸುತ್ತಾರೆ: ‘ನೋಡ್ರಿ ಅಕ್ಕಾರೆ, ಹಿಡಿಯಂಗಿಲ್ಲ, ಒರಿಜಿನಲ್ ಮಾಲು.’ ಈ ಪರೀಕ್ಷೆ ಅರ್ಧ ಮಾತ್ರ ಸರಿ. 304 ಅನ್ನುವ ಒಳ್ಳೆಯ ಸ್ಟೀಲಿನಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. 18/8 ಅಂತ ಅಚ್ಚು ಹಾಕುವುದು ಇದಕ್ಕೇ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ನಿಕ್ಕಲ್ ದುಬಾರಿ ಅಂತ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200ರ ಸರಣಿಯ ಅಗ್ಗದ ಸ್ಟೀಲೂ ಅಂಟುವುದಿಲ್ಲ. ಹಾಗಾಗಿ ಅಯಸ್ಕಾಂತ ನಂಬಿ ಹಣ ಕೊಡಬೇಡಿ. ತಳದಲ್ಲಿ 304 ಅಥವಾ 18/8 ಅಚ್ಚಿದೆಯೇ, ಐಎಸ್‌ಐ ಗುರುತಿನ ಜೊತೆ ಐಎಸ್ 14756 ಅನ್ನುವ ಸಂಖ್ಯೆ ಇದೆಯೇ ನೋಡಿ. ಸ್ಟೀಲ್ ಪಾತ್ರೆಗೆ ಈ ಗುರುತು ಕಡ್ಡಾಯ ಅಂತ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದೆ. ಬಿಲ್ಲನ್ನೂ ಕೇಳಿ ಪಡೆಯಿರಿ.

ಟ್ರೈ-ಪ್ಲೈಯಲ್ಲಂತೂ ಹೊರಮೈಗೆ ಅಯಸ್ಕಾಂತ ಅಂಟಲೇಬೇಕು. ಒಳಗೆ 304, ನಡುವೆ ಅಲ್ಯೂಮಿನಿಯಂ, ಹೊರಗೆ ಸಾಮಾನ್ಯವಾಗಿ 430 ಅನ್ನುವ ನಿಕ್ಕಲ್ ಇಲ್ಲದ ಸ್ಟೀಲ್. ಆ ಹೊರಪದರ ಇರುವುದರಿಂದಲೇ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುತ್ತದೆ. ನಡುವಿನ ಅಲ್ಯೂಮಿನಿಯಂ ಯಾಕೆ ಅಂದರೆ, ಸ್ಟೀಲ್ ಶಾಖ ಹರಡುವುದರಲ್ಲಿ ಬಹಳ ಮಂದ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚುರುಕು. ತೆಳು ಸ್ಟೀಲ್ ಬಾಣಲಿಯಲ್ಲಿ ಬರ್ನರಿನ ಉಂಗುರ ಬಿದ್ದ ಕಡೆಯಷ್ಟೇ ಈರುಳ್ಳಿ ಕಪ್ಪಾಗಿ ಉಳಿದದ್ದು ಹಸಿಯಾಗಿರುವುದು ಇದೇ ಕಾರಣಕ್ಕೆ.

ಇನ್ನೊಂದು ಮುಖ್ಯ. ತಳಕ್ಕೆ ಮಾತ್ರ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿದ ಸ್ಯಾಂಡ್‌ವಿಚ್ ತಳದ ಪಾತ್ರೆಯನ್ನೂ ಕೆಲವರು ಟ್ರೈ-ಪ್ಲೈ ಅಂತಲೇ ಮಾರುತ್ತಾರೆ. ಗ್ಯಾಸ್ ಒಲೆಯಲ್ಲಿ ಉರಿ ಬಿಲ್ಲೆಯ ಆಚೆ ಬಂದು ತೆಳುವಾದ ಗೋಡೆಗೆ ತಾಗಿದರೆ, ಬಿಲ್ಲೆ ಮುಗಿದ ಜಾಗದ ಸ್ವಲ್ಪ ಮೇಲೆ ಸುತ್ತಲೂ ಸೀದ ಪಟ್ಟಿ ಕಟ್ಟುತ್ತದೆ. ಪೂರ್ತಿ ಪದರದ್ದು ಬೇಕಾದರೆ ಬಾಯಿಯ ಅಂಚನ್ನು ಬೆಳಕಿಗೆ ಹಿಡಿಯಿರಿ. ಹೊಳೆಯುವ ಎರಡು ಗೆರೆಗಳ ನಡುವೆ ಮಂಕಾದ ಬೂದು ಗೆರೆ ಬಹುತೇಕ ಪಾತ್ರೆಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅದೇ ಅಲ್ಯೂಮಿನಿಯಂ.

ಸೆಟ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅನ್ನ, ಬೇಳೆ ಹೇಗೂ ಕುಕ್ಕರಿಗೆ. ನೀರು ಕಾಯಿಸಲು ಮೂರು ಪದರ ಬೇಕಿಲ್ಲ. ಒಂದು ಬಾಣಲಿ, ಹಾಲಿಗೂ ಗೊಜ್ಜಿಗೂ ಆಗುವ ಒಂದು ಆಳದ ಪಾತ್ರೆ, ಇಷ್ಟರಲ್ಲಿ ಮನೆ ನಡೆಯುತ್ತದೆ. ದೋಸೆ, ಜೋಳದ ರೊಟ್ಟಿ ಕಬ್ಬಿಣದ ಹಂಚಿಗೇ ಇರಲಿ. ಬೆಣ್ಣೆ ದೋಸೆಯ ಊರಿನವಳಾಗಿ ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಉರಿ. ಖಾಲಿ ಬಾಣಲಿಯನ್ನು ಮಧ್ಯಮ ಉರಿಯಲ್ಲಿಟ್ಟು ಒಂದೆರಡು ನಿಮಿಷ ಬಿಡುತ್ತೇನೆ. ಬೆರಳ ತುದಿಯಿಂದ ಒಂದು ಹನಿ ನೀರು ಹಾಕಿದರೆ ಮೊದಮೊದಲು ಚುಂಯ್ ಅಂತ ಹರಡಿ ಆವಿಯಾಗುತ್ತದೆ. ಆಗ ಇನ್ನೂ ಕಾದಿಲ್ಲ. ಸ್ವಲ್ಪ ತಡೆದು ಹಾಕಿದರೆ ಹನಿ ಒಡೆಯದೆ ಪಾದರಸದ ಹಾಗೆ ಗುಂಡಗೆ ತಳದ ಮೇಲೆಲ್ಲ ಓಡಾಡುತ್ತದೆ. ಹನಿಯ ಅಡಿ ಆವಿಯ ಹಾಸು ಹುಟ್ಟಿ ಅದನ್ನು ಎತ್ತಿ ಹಿಡಿಯುತ್ತದೆ. 1756ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಹೆಸರಿನಲ್ಲೇ ವಿಜ್ಞಾನದಲ್ಲಿ ಇದಕ್ಕೆ ಹೆಸರಿದೆ. ಹನಿ ಓಡಿತೆಂದರೆ ಪಾತ್ರೆ ಹೆಚ್ಚು ಕಡಿಮೆ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಇದೆ ಅಂತ ಲೆಕ್ಕ.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ನಮ್ಮ ಒಗ್ಗರಣೆಗೆ ಬೇಕಾದ ಮುಂದಿನ ಹೆಜ್ಜೆಯನ್ನು ಯಾರೂ ಹೇಳುವುದಿಲ್ಲ. ಅಷ್ಟು ಕಾದ ಬಾಣಲಿಗೆ ಎಣ್ಣೆ, ಸಾಸಿವೆ, ಉದ್ದಿನಬೇಳೆ ಒಟ್ಟಿಗೆ ಬಿದ್ದರೆ ಬೇಳೆ ಕರಿಕಲಾಗುತ್ತದೆ. ಹನಿ ಓಡಿದ ಕೂಡಲೇ ಉರಿಯನ್ನು ಪೂರ್ತಿ ಸಣ್ಣದು ಮಾಡಿ, ನೀರಿನ ಪಸೆ ಒರೆಸಿ, ಶೇಂಗಾ ಎಣ್ಣೆ ಹಾಕಿ ಪಾತ್ರೆಯನ್ನು ಓರೆ ಮಾಡಿ ಸುತ್ತಿಸುತ್ತೇನೆ. ಎಣ್ಣೆಯ ಮೈಮೇಲೆ ಸಣ್ಣ ಗೆರೆಗಳು ಮೂಡುತ್ತವೆ. ಆಗ ಸಾಸಿವೆ, ಅದು ಸಿಡಿದ ಮೇಲೆ ಬೇಳೆ. ಮತ್ತೆ ಉರಿ ಏರಿಸುವ ಕೆಲಸವೇ ಇಲ್ಲ. ನಡುವಿನ ಅಲ್ಯೂಮಿನಿಯಂ ಶಾಖ ಹಿಡಿದಿರುತ್ತದೆ, ಸಾದಾ ಬಾಣಲಿಯ ಅರ್ಧ ಉರಿ ಸಾಕು. ಬೆಣ್ಣೆಯಲ್ಲಿ ಒಗ್ಗರಣೆ ಕೊಡುವವರು ಈ ಹನಿ ಪರೀಕ್ಷೆ ಮಾಡಲೇಬೇಡಿ. ಬೆಣ್ಣೆಯಲ್ಲಿರುವ ಹಾಲಿನ ಅಂಶ 150 ಡಿಗ್ರಿಯ ಆಸುಪಾಸಿನಲ್ಲೇ ಸೀಯತೊಡಗುತ್ತದೆ. ತುಪ್ಪವಾದರೆ ತಡೆಯುತ್ತದೆ.

ಆಲೂಗಡ್ಡೆ ಪಲ್ಯ ಈ ಬಾಣಲಿಯನ್ನು ಅರಿಯುವುದಕ್ಕೆ ಒಳ್ಳೆಯದು. ಹೋಳನ್ನು ತೊಳೆದು ಬಟ್ಟೆಯಲ್ಲಿ ಒರೆಸಿ ಹಾಕಬೇಕು. ಒದ್ದೆ ಇದ್ದರೆ ಪಾತ್ರೆ ತಣಿಯುತ್ತದೆ, ಮೇಲಿನ ಹಿಟ್ಟಿನಂಶ ತಳ ಹಿಡಿಯುತ್ತದೆ. ಹಾಕಿದ ಕೂಡಲೇ ಹೋಳು ಅಂಟುತ್ತದೆ, ಅಂಟಲಿ. ನಮ್ಮ ಅತ್ತೆ ಸೌಟಿಗೆ ಕೈ ಹಾಕಲು ಬಿಡುವುದಿಲ್ಲ: ‘ಕೆದಕಬ್ಯಾಡವ್ವ, ಉರಿ ಸಣ್ಣಕ ಇಡು, ಅದಾ ಬಿಡ್ತೈತಿ.’ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡಿದ ಕೈ ಅವರದು. ಹೋಳಿನ ಅಡಿ ಕೆಂಪಾಗಿ ಗರಿಯಾದ ಹೊತ್ತಿಗೆ ತಾನಾಗಿ ಏಳುತ್ತದೆ. ಅದಕ್ಕೂ ಮೊದಲು ಕೆರೆದರೆ ಕೆಂಪು ಪದರ ತಳದಲ್ಲೇ ಉಳಿದು ಪಲ್ಯ ಮುದ್ದೆಯಾಗುತ್ತದೆ. ತಳದಲ್ಲಿ ಕೆಂಪು ಉಳಿದಿದ್ದರೆ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ. ಅದು ಕರಗಿ ಪಲ್ಯಕ್ಕೇ ಸೇರುತ್ತದೆ. ರುಚಿಯೆಲ್ಲ ಅಲ್ಲೇ ಇದೆ, ಅದನ್ನು ತಿಕ್ಕಿ ಮೋರಿಗೆ ಬಿಡುವುದು ಅನ್ಯಾಯ.

ಹಾಲಿಗೆ ಈ ಯಾವ ಕಾಯಿಸುವಿಕೆಯೂ ಬೇಡ. ಪಾತ್ರೆಯೊಳಗೆ ತಣ್ಣೀರು ಆಡಿಸಿ ಚೆಲ್ಲಿ, ಒದ್ದೆ ಮೈಗೇ ಹಾಲು ಸುರಿದು, ಸಣ್ಣ ಉರಿ. ಹುಣಸೆಹುಳಿ, ಟೊಮೆಟೊ ಎಷ್ಟು ಕುದಿದರೂ 304ಕ್ಕೆ ಏನೂ ಆಗುವುದಿಲ್ಲ, ಬರಿ ಅಲ್ಯೂಮಿನಿಯಂ ಪಾತ್ರೆಗಿಂತ ನಾನು ಇದನ್ನು ಮೆಚ್ಚುವುದು ಇಲ್ಲೇ. ನಿಕ್ಕಲ್ ಅಲರ್ಜಿ ಇರುವವರು ಮಾತ್ರ ಹುಳಿಯನ್ನು ಇದರಲ್ಲಿ ಗಂಟೆಗಟ್ಟಲೆ ಕುದಿಸಬಾರದು, ತುಸು ನಿಕ್ಕಲ್ ಬಿಡುತ್ತದೆ. ಉಪ್ಪನ್ನು ತಣ್ಣೀರಿಗೆ ಹಾಕಿ ಬಿಡಬೇಡಿ. ಕರಗದೆ ತಳದಲ್ಲಿ ಕೂತ ಹರಳಿನ ಕ್ಲೋರೈಡ್ ಸ್ಟೀಲಿನ ರಕ್ಷಾಪದರವನ್ನು ಕೊರೆದು ಸೂಜಿಮೊನೆಯಷ್ಟು ಗುಳಿ ಮಾಡುತ್ತದೆ. ಅದು ಎಷ್ಟು ತಿಕ್ಕಿದರೂ ಹೋಗದು. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿ ಕದಡಿ.

ತೊಳೆಯುವುದರಲ್ಲಿ ನಮ್ಮ ಕಡೆಯ ತೊಂದರೆಯೇ ಬೇರೆ. ನಲ್ಲಿ ನೀರು ಬರದ ದಿನ ಬೋರ್‌ವೆಲ್ಲೇ ಗತಿ, ಅದರ ಗಡಸು ಬಕೆಟ್ಟಿನ ಅಂಚಿನ ಬಿಳಿ ಪೊರೆ ನೋಡಿದರೆ ಗೊತ್ತಾಗುತ್ತದೆ. ಅದೇ ಸುಣ್ಣ ಪಾತ್ರೆಯ ತಳದಲ್ಲಿ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಸೋಪಿಗೆ ಅದು ಜಗ್ಗುವುದಿಲ್ಲ, ಹುಳಿಗೆ ತಕ್ಷಣ ಕರಗುತ್ತದೆ: ಹಿಂಡಿದ ನಿಂಬೆ ಸಿಪ್ಪೆ, ನೆನೆಸಿದ ಹುಣಸೆಹಣ್ಣಿನ ಚರಟ, ಇಲ್ಲವೇ ಒಂದು ಚಮಚ ವಿನೆಗರ್. ಖಾಲಿ ಪಾತ್ರೆ ಹೆಚ್ಚು ಕಾದಾಗ ಬರುವ ನೀಲಿ, ಹೊನ್ನಿನ ಬಣ್ಣದ ಛಾಯೆಗೂ ಇದೇ ಮದ್ದು. ಅದು ದಪ್ಪವಾದ ಆಕ್ಸೈಡ್ ಪದರವಷ್ಟೆ, ಪಾತ್ರೆ ಕೆಟ್ಟಿದ್ದಲ್ಲ. ತೊಳೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿಟ್ಟರೆ ಚುಕ್ಕೆ ಬೀಳುವುದೇ ಇಲ್ಲ.

ಸೀದ ತಳಕ್ಕೆ ಅಡುಗೆ ಸೋಡಾ. ಸೀದ ಭಾಗ ಮುಳುಗುವಷ್ಟು ನೀರು, ಎರಡು ಚಮಚ ಸೋಡಾ, ಹತ್ತು ನಿಮಿಷ ಸಣ್ಣ ಕುದಿ, ಆರಿದ ಮೇಲೆ ಮರದ ಸೌಟಿನಿಂದ ನೂಕಿದರೆ ಹಕ್ಕಳೆಯಾಗಿ ಏಳುತ್ತದೆ. ಸೋಡಾಕ್ಕೆ ವಿನೆಗರ್ ಬೆರೆಸಿ ನೊರೆ ಬರಿಸುವವರಿದ್ದಾರೆ. ಹುಳಿಯೂ ಕ್ಷಾರವೂ ಒಂದನ್ನೊಂದು ಕೊಂದುಕೊಳ್ಳುತ್ತವೆ, ಎರಡೂ ದಂಡ. ಸೋಡಾ ನೀರು ಬಾಯಿಯ ಅಂಚಿನವರೆಗೆ ತುಂಬದಿರಲಿ. ಅಲ್ಲಿ ಕಾಣುವ ಅಲ್ಯೂಮಿನಿಯಂ ಗೆರೆಯನ್ನು ಕ್ಷಾರ ತಿನ್ನುತ್ತದೆ, ಬಟ್ಟೆ ಒಗೆಯುವ ಸೋಡಾವಂತೂ ಇನ್ನೂ ಜೋರು. ತಿಂದ ಅಂಚು ಟೊಳ್ಳಾಗಿ ಕೈ ಕೊಯ್ಯುವಷ್ಟು ಹರಿತವಾಗುತ್ತದೆ. ಬ್ಲೀಚಿಂಗ್ ಪುಡಿ ಹತ್ತಿರಕ್ಕೂ ಬೇಡ, ಉಪ್ಪಿನ ಹಾಗೆ ಸ್ಟೀಲನ್ನು ಕೊರೆಯುವ ಕ್ಲೋರಿನ್ ಅದರಲ್ಲೂ ಇದೆ. ಕಬ್ಬಿಣದ ತಂತಿ ಉಂಡೆಯೂ ಬೇಡ, ಅದರ ಚೂರು ಗೀರಿನಲ್ಲಿ ಸಿಕ್ಕಿ ತುಕ್ಕು ಹಿಡಿಯುತ್ತದೆ, ಜನ ಸ್ಟೀಲಿಗೇ ತುಕ್ಕು ಬಂತು ಅಂದುಕೊಳ್ಳುತ್ತಾರೆ. ಕೆಲಸಕ್ಕೆ ಬರುವ ಅಕ್ಕನಿಗೆ ನಾನು ತೆಂಗಿನ ನಾರು ಬೇರೆಯಾಗಿಯೇ ಇಟ್ಟಿದ್ದೇನೆ. ಬಿಸಿ ಬಾಣಲಿಯನ್ನು ನಲ್ಲಿಯ ಕೆಳಗೆ ಹಿಡಿಯಬಾರದು ಅನ್ನುವುದೊಂದನ್ನು ಮನೆಮಂದಿಗೆಲ್ಲ ಹೇಳಿದ್ದೇನೆ. ಥಟ್ಟನೆ ತಣಿದರೆ ತಳ ಉಬ್ಬಿ, ಇಂಡಕ್ಷನ್ ಮೇಲೆ ಸಮ ಕೂರುವುದಿಲ್ಲ.

ಹೆಸರು ಹಾಕಿಸುವುದಿದ್ದರೆ ಹಿಡಿಯ ಪಕ್ಕ ಹೊರಮೈಯಲ್ಲಿ ಹಾಕಿಸಿ, ಒಳಗೆ ಬೇಡ. ಕೊರೆದ ಚುಕ್ಕೆಗಳಲ್ಲಿ ಎಣ್ಣೆ ಜಿಡ್ಡು ಕೂರುತ್ತದೆ. ವಾರಂಟಿ ಚೀಟಿ ಇದ್ದರೆ ಕೊರೆಸುವ ಮೊದಲು ಒಮ್ಮೆ ಓದಿ ನೋಡಿ.