ಮೊದಲು ಫ್ಯಾನ್ ಆರಿಸಿ: ಬಡಾವಣೆಗೊಂದು ಪಾಡ್‌ಕಾಸ್ಟ್ ಮಾಡುವ ಬಗೆ

ನನಗೆ ಗೊತ್ತಿರುವ ಹಾಗೆ ಮೈಸೂರಿನ ನಾಲ್ಕು ಬಡಾವಣೆಗಳಲ್ಲಿ ಪಾಡ್‌ಕಾಸ್ಟ್, ಅಂದರೆ ಫೋನಿನಲ್ಲಿ ಬೇಕಾದಾಗ ಕೇಳುವ ಮಾತಿನ ಕಂತುಗಳು, ಶುರುವಾಯಿತು. ಮೂರು ಎರಡನೇ ಕಂತಿಗೇ ನಿಂತವು. ಮೂರರಲ್ಲೂ ನಡೆದದ್ದು ಒಂದೇ. ದುಬಾರಿ ಮೈಕ್ ತಂದರು, ಹೆಸರಿಗಾಗಿ ಎರಡು ವಾರ ಜಗಳವಾಡಿದರು, ಲೋಗೊ ಮಾಡಿಸಿದರು. ಆಮೇಲೆ ಖಾಲಿ ಹಾಲ್‌ನಲ್ಲಿ ತಲೆ ಮೇಲೆ ಫ್ಯಾನ್ ಹಾಕಿಕೊಂಡು ಕೂತು ಮಾತಾಡಿದರು. ಕೇಳಿದರೆ ಯಾರೋ ಬಾವಿಯೊಳಗೆ ಬಿದ್ದು ಕೂಗಿದ ಹಾಗಿತ್ತು.

ಮನೆಯಲ್ಲಿ ಕೂತು ಊರಿಗೆ ಮಾತು ಕೇಳಿಸುವುದು ಮೈಸೂರಿಗೆ ಹೊಸದೇನಲ್ಲ. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದರು. ಅದರ ಹೆಸರು ‘ಆಕಾಶವಾಣಿ’. ಅದೇ ಹೆಸರು ಮುಂದೆ ದೇಶದ ರೇಡಿಯೊಗೆಲ್ಲ ಬಂತು. ಅವರಿಗೆ ಟ್ರಾನ್ಸ್‌ಮಿಟರ್ ಬೇಕಿತ್ತು. ನಿಮಗೆ ಜೇಬಿನಲ್ಲಿರುವ ಫೋನ್ ಸಾಕು.

1. ಎಷ್ಟು ದೊಡ್ಡದು?

ನೀವು ನಡೆದು ಮುಗಿಸಬಹುದಾದಷ್ಟು ಜಾಗ ಇಟ್ಟುಕೊಳ್ಳಿ. ಇಡೀ ಮೈಸೂರು ಬೇಡ, ಕೃಷ್ಣಮೂರ್ತಿಪುರಂ ಸಾಕು. ಅಡುಗೆ, ವಾಕಿಂಗ್, ಮಂಡಿನೋವು, ನಲ್ಲಿ ನೀರು, ಬೀದಿ ಮರ, ಎಲ್ಲವೂ ನಡೆಯುತ್ತದೆ. ಹದಿನೈದು ದಿನಕ್ಕೊಂದು ಕಂತು, ಕಂತಿಗೆ 20 ನಿಮಿಷ. ವಾರಕ್ಕೊಂದು ಅಂತ ಹೊರಟವರು ತಿಂಗಳೊಳಗೆ ಸುಸ್ತಾಗುತ್ತಾರೆ. ಮೂರು ಕಂತು ಕೈಯಲ್ಲಿಟ್ಟುಕೊಂಡೇ ಮೊದಲನೆಯದನ್ನು ಬಿಡಿ.

2. ಸಾಮಾನು

ಫೋನ್, ಅದಕ್ಕೆ ಚುಚ್ಚುವ ವೈರ್ ಇರುವ ಕಾಲರ್ ಮೈಕ್. ಅಷ್ಟೆ. ವೈರ್ ಇರಲೇಬೇಕು ಅನ್ನುವುದು ನನ್ನ ಹಟ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ವೈರ್‌ಲೆಸ್ ಮೈಕ್‌ಗಳಲ್ಲಿ ‘ನಾಯ್ಸ್ ಕ್ಯಾನ್ಸಲಿಂಗ್’ ಅಂತ ಒಂದು ಗುಂಡಿ ಇರುತ್ತದೆ. ಗದ್ದಲ ತೆಗೆಯುತ್ತೇನೆ ಅಂತ ಅದು ಮೆತ್ತಗಿನ ಶಬ್ದವನ್ನೆಲ್ಲ ನುಂಗುತ್ತದೆ. ಕನ್ನಡದಲ್ಲಿ ಮೆತ್ತಗೆ ಬರುವುದು ಮಾತಿನ ಕೊನೆಯೇ ಅಲ್ವಾ? ‘ಬಂದಿದ್ದೆ’, ‘ಬಂದಿದ್ದ’, ‘ಬಂದಿದ್ದಿ’ ಮೂರೂ ‘ಬಂದಿದ್’ ಆಗಿ ಕೂರುತ್ತವೆ. ಬಂದವರು ಯಾರು ಅಂತ ಕೇಳುವವರು ಊಹೆ ಮಾಡಬೇಕು. ಅಂಥ ಮೈಕ್ ಈಗಾಗಲೇ ತಂದಿದ್ದರೆ ಆ ಗುಂಡಿ ಆಫ್ ಮಾಡಿ ಬಳಸಿ.

ಬ್ಲೂಟೂತ್ ಇಯರ್‌ಫೋನಿನ ಮೈಕ್ ಅಂತೂ ಬೇಡವೇ ಬೇಡ. ಫೋನ್ ಕರೆಯ ಗುಣಮಟ್ಟಕ್ಕೆ ಇಳಿದುಬಿಡುತ್ತದೆ.

3. ಕೋಣೆ: ಎಲ್ಲರೂ ಎಡವುವುದು ಇಲ್ಲೇ

ಕೋಣೆಯ ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಶಬ್ದ ಚಟ್ ಅಂತ ಅಲ್ಲೇ ಸತ್ತರೆ ಕೋಣೆ ಸರಿಯಿದೆ. ಟಣ್ ಅಂತ ಬಾಲ ಎಳೆದರೆ ಅಲ್ಲಿ ಕೂರಬೇಡಿ. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಹೊಸ ಮನೆಗಳ ಟೈಲ್ಸ್, ಗಾಜಿನ ಕಿಟಕಿ, ಬರಿ ಗೋಡೆ, ಇವೆಲ್ಲ ಧ್ವನಿಯನ್ನು ಚೆಂಡಿನ ಹಾಗೆ ವಾಪಸ್ ಎಸೆಯುತ್ತವೆ. ಹಾಗೆ ವಾಪಸ್ ಬಂದ ಶಬ್ದ ಮಾತಿನ ಜತೆ ಒಮ್ಮೆ ಬೆರೆತರೆ ಆಮೇಲೆ ಯಾವ ಆ್ಯಪ್‌ನಲ್ಲೂ ಪೂರ್ತಿ ಬಿಡಿಸಲಾಗದು.

ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೇ ಸ್ಟುಡಿಯೊ ಅಂದರೆ ಮಲಗುವ ಕೋಣೆ. ಹಾಸಿಗೆ ಇದೆ, ದಿಂಬು ಇದೆ, ಬೀರು ಇದೆ. ಬೀರುವಿನ ಎರಡೂ ಬಾಗಿಲು ತೆಗೆದು, ಮಾತಾಡುವವರನ್ನು ಸೀರೆಗಳ ಕಡೆಗೆ ಮುಖ ಮಾಡಿ ಕೂರಿಸಿ. ಬಾಯಿಂದ ಹೊರಟ ಶಬ್ದ ಬಟ್ಟೆಯೊಳಗೆ ಹೋಗಿ ಅಡಗುತ್ತದೆ. ಬೆನ್ನ ಹಿಂದೆ ಬರಿ ಗೋಡೆ ಇದ್ದರೆ ಒಂದು ಜಮಖಾನ ಅಥವಾ ರಗ್ಗು ನೇತುಹಾಕಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಸಲಹೆ ಕೊಡುವ ವಿಡಿಯೊಗಳಿವೆ. ಸುಮ್ನೆ ಕೆಲಸ. ಅದರಿಂದ ಏನೂ ಆಗುವುದಿಲ್ಲ.

ಮುಂದಿನದು ಫ್ಯಾನ್. ಆರಿಸಿ. ಬೇಸಿಗೆಯಲ್ಲೂ ಆರಿಸಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಗಾಳಿ ತಗೊಳ್ಳಿ. ಫ್ರಿಜ್ ಪಕ್ಕದ ಕೋಣೆಯಲ್ಲಿದ್ದರೂ ಅದರ ಗುಂಯ್ ಅನ್ನುವ ಸದ್ದು ಬರುತ್ತದೆ, ಅದನ್ನೂ ಆರಿಸಿ. ಆರಿಸಿದವರು ನಿಮ್ಮ ಸ್ಕೂಟರ್ ಕೀಯನ್ನು ಫ್ರಿಜ್ಜಿನೊಳಗಿಡಿ. ಮನೆಗೆ ಹೊರಡುವಾಗ ಕೀ ಹುಡುಕಲೇಬೇಕಲ್ಲ, ಆಗ ಸ್ವಿಚ್ ನೆನಪಾಗುತ್ತದೆ. ನಾನು ಇದನ್ನು ಕಲಿತದ್ದು ಒಬ್ಬರ ಮನೆಯ ಎರಡು ಲೀಟರ್ ಹಾಲು ಒಡೆದ ಮೇಲೆ.

ಹೊತ್ತು ಕೂಡ ಮುಖ್ಯ. ಬೆಳಿಗ್ಗೆ ಕಸದ ಗಾಡಿಯ ಹಾಡು, ಕುಕ್ಕರ್ ವಿಷಲ್, ಶಾಲೆ ವ್ಯಾನ್. ಸಂಜೆ ಮಕ್ಕಳ ಕ್ರಿಕೆಟ್ಟು. ಮಧ್ಯಾಹ್ನ ಎರಡರಿಂದ ನಾಲ್ಕು ನನ್ನ ಲೆಕ್ಕದಲ್ಲಿ ಚಿನ್ನದಂಥ ಹೊತ್ತು. ಊಟ ಮುಗಿದು ಬೀದಿಯೇ ಮಲಗಿರುತ್ತದೆ.

ಮೈಕ್ ಬಾಯಿಂದ ಒಂದು ಗೇಣು ದೂರ ಇರಲಿ. ನೇರ ಮುಂದೆ ಬೇಡ, ಸ್ವಲ್ಪ ಪಕ್ಕಕ್ಕೆ. ‘ಪ’, ‘ಬ’, ‘ಭ’ ಅನ್ನುವಾಗ ಬಾಯಿಂದ ಬರುವ ಗಾಳಿ ನೇರ ಮೈಕಿಗೆ ಬಡಿದರೆ ಢಬ್ ಅನ್ನುತ್ತದೆ. ಕಾಲರ್ ಮೈಕನ್ನು ಸೆರಗಿನ ಒಳಗೆ ಸಿಕ್ಕಿಸಬೇಡಿ. ರೇಷ್ಮೆ ಸೀರೆಯ ಸರಸರ, ಕರಿಮಣಿಯ ಕಟಕಟ, ಬಳೆಯ ಸದ್ದು ಮಾತಿಗಿಂತ ಜೋರಾಗಿ ಕೂರುತ್ತವೆ. ಹತ್ತಿ ಸೀರೆ ಉಟ್ಟು ಬನ್ನಿ ಅಂತ ಮೊದಲೇ ಹೇಳಿಬಿಡಿ. ಬೇಜಾರು ಮಾಡಿಕೊಳ್ಳುವುದಿಲ್ಲ.

ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ರೆಕಾರ್ಡರ್ ಸೆಟ್ಟಿಂಗ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಗುಣಮಟ್ಟ ಆಯ್ದುಕೊಳ್ಳಿ. ವೇವ್ (ಕುಗ್ಗಿಸದ) ಕಡತ, ಮೊನೊ (ಒಂದೇ ಚಾನೆಲ್) ಅಂತಿದ್ದರೆ 20 ನಿಮಿಷಕ್ಕೆ ಸುಮಾರು 100 ಎಂಬಿ ಆಗುತ್ತದೆ, ಜಾಗ ನೋಡಿಕೊಳ್ಳಿ. ಮಟ್ಟ ತೋರಿಸುವ ಗೆರೆ ಮಾತಿನ ಏರಿಗೆ ಮೈನಸ್ 12 ಡೆಸಿಬೆಲ್ ಆಸುಪಾಸು ಕುಣಿಯಲಿ. ಅಳತೆ ನೋಡುವಾಗ ಎಲ್ಲರೂ ಸಣ್ಣ ದನಿಯಲ್ಲಿ ‘ಹಲೋ ಹಲೋ’ ಅನ್ನುತ್ತಾರೆ. ಅದನ್ನು ನಂಬಬೇಡಿ. ಅವರನ್ನು ಒಮ್ಮೆ ನಗಿಸಿ, ಆ ನಗು ಕೆಂಪು ಗೆರೆ ಮುಟ್ಟದಿದ್ದರೆ ಸರಿ.

ಕೊನೆಗೆ, ಯಾರೂ ಮಾಡದ ಕೆಲಸ. ಎಲ್ಲರೂ ಬಾಯಿ ಮುಚ್ಚಿ ಕೂತು ಅರ್ಧ ನಿಮಿಷ ಸುಮ್ಮನೆ ರೆಕಾರ್ಡ್ ಮಾಡಿ. ಆ ಕೋಣೆಯ ಮೌನ ಎಡಿಟಿಂಗ್‌ನಲ್ಲಿ ಬೇಕಾಗುತ್ತದೆ.

ಹೊರಗೆ ರೆಕಾರ್ಡ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ನನಗೂ ಬಂತು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ನಡೆಯುವ ಹಿರಿಯರೊಬ್ಬರ ಜತೆ ನಲವತ್ತು ನಿಮಿಷ ನಡೆದು ಮಾತಾಡಿಸಿದೆ. ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಭರ್ರ್ ಅಂತ ನಲವತ್ತು ನಿಮಿಷ. ಅವರು ಇನ್ನೊಂದು ಸಲ ಬರಲು ಒಪ್ಪಲಿಲ್ಲ. ಮೈಕಿಗೆ ಸ್ಪಂಜಿನ ಟೋಪಿ ಇಲ್ಲದಿದ್ದರೆ ಒಗೆದ ಉಲ್ಲನ್ ಕಾಲುಚೀಲವಾದರೂ ತೊಡಿಸಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ.

4. ಮಾತಾಡಿಸುವುದು

ಹಿಂದಿನ ಬೀದಿಯ ಅಜ್ಜಿಯೊಬ್ಬರು ಮಂಡ್ಯ ಕಡೆಯವರು. ಅವರ ಬಸ್ಸಾರಿಗೆ ನಮ್ಮಲ್ಲಿ ಹೆಸರಿದೆ. ಮೈಕ್ ಹಾಕಿದ ಕೂಡಲೇ ನೆಟ್ಟಗೆ ಕೂತು, ‘ಪ್ರಿಯ ಕೇಳುಗರಿಗೆ ನಮಸ್ಕಾರಗಳು’ ಅಂದರು. ಆಮೇಲೆ ಒಂದು ಚಮಚ, ಎರಡು ಚಮಚ ಅಂತ ಪುಸ್ತಕ ಓದಿದ ಹಾಗೆ ಹೇಳತೊಡಗಿದರು. ಅವರ ಮನೆಯಲ್ಲಿ ಚಮಚದ ಅಳತೆ ನಾನಂತೂ ಕಂಡಿಲ್ಲ.

ನಿಲ್ಲಿಸಿ, ಒಂದು ಕಟ್ಟು ಸೊಪ್ಪು ತಂದು ಮಡಿಲಿಗೆ ಹಾಕಿದೆ. ‘ಬಿಡಿಸ್ತಾ ಮಾತಾಡಿ ಅಜ್ಜಿ’ ಅಂದೆ. ಕೈಗೆ ಕೆಲಸ ಸಿಕ್ಕಿತು, ಮೈಕ್ ಮರೆತುಹೋಯಿತು. ‘ಒಂದು ಹಿಡಿ ಕಾಳು ಅಂದ್ರಲ್ಲ, ಯಾರ ಹಿಡಿ?’ ಅಂದೆ. ‘ಯಾರ್ದು ಅಂತಿಯಲ್ಲಪ್ಪ, ಉಣ್ಣೋನ್ದು!’ ಅಂದರು. ಅಲ್ಲಿಂದ ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಕಥೆ ಬಂತು. ಸೊಪ್ಪು, ಕಾಳು ಬೇಯಿಸಿ ಬಸಿಯುವುದು ಗೊತ್ತಿತ್ತಂತೆ ಅವಳಿಗೆ. ಬಸಿದ ಕಟ್ಟನ್ನು ಸಿಂಕಿಗೆ ಚೆಲ್ಲಿ, ಪಾತ್ರೆ ತೊಳೆದಿಟ್ಟು, ‘ಅತ್ತೆ, ಈಗ ಸಾರು ಯಾವುದರಲ್ಲಿ ಮಾಡ್ಲಿ?’ ಅಂದಳಂತೆ. ಹೇಳಿ ನಕ್ಕ ಮೇಲೆ ಅಜ್ಜಿ ಮೆಲ್ಲಗೆ, ‘ಇದನ್ನ ಹಾಕ್ಬೇಡ ಕಣಪ್ಪ’ ಅಂದರು.

ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಬೇಡಿ, ವಿಷಯ ಮಾತ್ರ ಹೇಳಿ. ‘ನಿಮ್ಮ ಪರಿಚಯ ಮಾಡ್ಕೊಳ್ಳಿ’ ಅಂತ ಶುರು ಮಾಡಬೇಡಿ, ಪರಿಚಯ ನೀವೇ ಆಮೇಲೆ ಸೇರಿಸಿ. ಅವರು ಮಾತಾಡುವಾಗ ‘ಹ್ಞೂಂ, ಹೌದೌದು’ ಅನ್ನಬೇಡಿ, ತಲೆ ಆಡಿಸಿ. ಇದು ಹೇಳಿದಷ್ಟು ಸುಲಭ ಅಲ್ಲ. ನನಗೆ ಅರ್ಧ ಡಜನ್ ಕಂತು ಬೇಕಾಯಿತು.

ಆರೋಗ್ಯದ ಕಂತುಗಳಲ್ಲಿ ನನ್ನದು ಕಟ್ಟುನಿಟ್ಟು. ಜನ ತಮ್ಮ ಅನುಭವ ಹೇಳಲಿ, ಔಷಧಿ ಹೇಳಬಾರದು. ‘ಹಾಗಲಕಾಯಿ ರಸ ಕುಡಿದು ಶುಗರ್ ಮಾತ್ರೆ ಬಿಟ್ಟೆ’ ಅಂತ ಒಬ್ಬರು ಹೆಮ್ಮೆಯಿಂದ ಹೇಳಿದರು. ಕತ್ತರಿಸಿದೆ. ಕೇಳಿದ ಇನ್ನೊಬ್ಬರು ಮಾತ್ರೆ ಬಿಟ್ಟರೆ ಹೊಣೆ ಯಾರು? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಎಲ್ಲರೂ ಹತ್ತಿ ಅನ್ನುವವರಿಗೂ ಒಂದು ಪ್ರಶ್ನೆ ಹಾಕಿ, ಇಳಿಯುವಾಗ ಮಂಡಿ ಏನಂತು ಅಂತ. ಮಂಡಿಗೆ ಏರುವುದಕ್ಕಿಂತ ಇಳಿಯುವುದೇ ಜಾಸ್ತಿ ಭಾರ. ಆ ಮಾತು ಯಾರೂ ತಾವಾಗಿ ಹೇಳುವುದಿಲ್ಲ.

5. ಕತ್ತರಿ

ಕಂಪ್ಯೂಟರಿಗೆ ಆಡಾಸಿಟಿ ಅನ್ನುವ ಎಡಿಟಿಂಗ್ ತಂತ್ರಾಂಶ ಹಾಕಿಕೊಳ್ಳಿ, ಉಚಿತ. ಮೊದಲ ಐದು ನಿಮಿಷ ಬಹುತೇಕ ಯಾವಾಗಲೂ ಕಸ, ತೆಗೆಯಿರಿ. ಕತ್ತರಿಸಿದ ಕಡೆ ಕೋಣೆಯ ಮೌನದ ಚೂರು ಅಂಟಿಸಿದರೆ ಜೋಡಣೆ ಗೊತ್ತಾಗುವುದಿಲ್ಲ. ‘ನಾಯ್ಸ್ ರಿಡಕ್ಷನ್’ಗೂ ಅದೇ ಮೌನವನ್ನು ಮಾದರಿ ತೋರಿಸಿ, ಒಂದೇ ಸಲ ಹಾಕಿ. 12 ಡೆಸಿಬೆಲ್ ದಾಟಿಸಿದರೆ ಮಾತಾಡುವವರು ನೀರೊಳಗೆ ಮುಳುಗಿದ ಹಾಗೆ ಕೇಳುತ್ತದೆ. ಇಡೀ ಕಂತಿನ ದನಿಯನ್ನು ಸರಿಯಾದ ಮಟ್ಟಕ್ಕೆ ತರುವ ‘ಲೌಡ್‌ನೆಸ್ ನಾರ್ಮಲೈಸೇಷನ್’ನಲ್ಲಿ ‘ಡ್ಯುಯಲ್ ಮೊನೊ’ ಗುರುತು ತೆಗೆದು, ಮೊನೊ ಕಡತಕ್ಕೆ ಮೈನಸ್ 19 LUFS ಕೊಡಿ. ಎಂಪಿ3, ಮೊನೊ, 96 ಕೆಬಿಪಿಎಸ್ ಅಂತ ಉಳಿಸಿದರೆ 20 ನಿಮಿಷ 14 ಎಂಬಿ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಶುರುವಿನ ಸಂಗೀತಕ್ಕೆ ಸಿನಿಮಾ ಹಾಡು ಬೇಡ. ಹಕ್ಕು ಇರುವವರು ದೂರು ಕೊಟ್ಟರೆ ಕಂತೇ ಮಾಯ. ಬೀದಿಯಲ್ಲಿ ವೀಣೆ ಕಲಿಯುವ ಮಗು ಇದ್ದೇ ಇರುತ್ತದೆ, ಮೋಹನ ರಾಗದಲ್ಲಿ ಹತ್ತು ಸೆಕೆಂಡ್ ನುಡಿಸಿಸಿಕೊಳ್ಳಿ.

6. ಏರಿಸುವುದು, ಹಂಚುವುದು

ಕಡತಗಳನ್ನು ಇಂಟರ್‌ನೆಟ್‌ನಲ್ಲಿ ಇಟ್ಟುಕೊಳ್ಳುವ ಉಚಿತ ಹೋಸ್ಟಿಂಗ್ ಸೇವೆಯೊಂದರಲ್ಲಿ ಖಾತೆ ತೆರೆದು ಕಡತ ಹಾಕಿದರೆ ಅದು ಒಂದು ಫೀಡ್ ವಿಳಾಸ, ಅಂದರೆ ನಿಮ್ಮ ಕಂತುಗಳ ಪಟ್ಟಿಯ ಲಿಂಕ್, ಕೊಡುತ್ತದೆ. ಆ ವಿಳಾಸವನ್ನು ಸ್ಪಾಟಿಫೈ, ಆ್ಯಪಲ್‌ನಂಥ ಪಾಡ್‌ಕಾಸ್ಟ್ ಕೇಳುವ ಆ್ಯಪ್‌ಗಳಿಗೆ ಒಮ್ಮೆ ಕೊಟ್ಟರೆ ಆಮೇಲಿನ ಕಂತುಗಳು ತಾವೇ ಹೋಗುತ್ತವೆ. ಪಾಡ್‌ಕಾಸ್ಟ್‌ನ ಮುಖಚಿತ್ರ ಚೌಕಾಕಾರ, 3000 ಪಿಕ್ಸೆಲ್, ಕನ್ನಡ ಅಕ್ಷರ ದಪ್ಪಗೆ. ಹಳೆಯ ಪಾಠಗಳಲ್ಲಿ ಗೂಗಲ್ ಪಾಡ್‌ಕಾಸ್ಟ್ಸ್‌ಗೂ ಹಾಕಿ ಅಂತಿರುತ್ತದೆ. ಅದು 2024ರಲ್ಲೇ ಮುಚ್ಚಿತು, ಹುಡುಕಬೇಡಿ.

ನಿಜವಾಗಿ ಕೇಳುವವರು ಇರುವುದು ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಎಂಪಿ3ಯನ್ನು ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ. ಸ್ಪೀಕರ್ ಮುಂದೆ ಇನ್ನೊಂದು ಫೋನ್ ಹಿಡಿದು ವಾಯ್ಸ್ ಮೆಸೇಜ್ ಮಾಡಿ ಕಳಿಸುವವರನ್ನು ನೋಡಿದ್ದೇನೆ. ಬೀರು ತೆಗೆದಿಟ್ಟ ಶ್ರಮವೆಲ್ಲ ನೀರುಪಾಲು.

ಏರಿಸುವ ಮುಂಚೆ ಮಾತಾಡಿದವರಿಗೆ ಪೂರ್ತಿ ಕೇಳಿಸಿ. ಅವರು ಬೇಡ ಅಂದದ್ದನ್ನು ವಾದ ಮಾಡದೆ ತೆಗೆಯಿರಿ. ನಾಳೆ ಹಾಲಿನ ಅಂಗಡಿಯಲ್ಲಿ ಮುಖ ನೋಡಬೇಕಲ್ಲ. ಅಜ್ಜಿಯ ಕಟ್ಟಿನ ಕಥೆಯನ್ನು ಹಾಗೇ ತೆಗೆದು ಬಿಟ್ಟೆ. ಅವತ್ತೇ ಸಂಜೆ ಸೊಸೆಯ ಫೋನು: ‘ಏನ್ ಸಾರ್, ಕಟ್ಟು ಚೆಲ್ಲಿದ್ದು ಬರ್ಲೇ ಇಲ್ಲ? ಇಪ್ಪತ್ತು ವರ್ಷದಿಂದ ಮನೆಗೆ ಬಂದೋರಿಗೆಲ್ಲ ಹೇಳ್ತಾರೆ, ನಿಮಗೆ ಹೇಳ್ಲಿಲ್ವಾ?’ ಮೂಲ ಕಡತವನ್ನು ಎರಡು ಕಡೆ ಉಳಿಸಿಕೊಂಡಿದ್ದೆ. ಇಬ್ಬರನ್ನೂ ಕೂರಿಸಿ ಕೇಳಿಸಿ, ಇಬ್ಬರೂ ಹ್ಞೂಂ ಅಂದ ಮೇಲೆ ಆ ಮೂರು ನಿಮಿಷ ವಾಪಸ್ ಅಂಟಿಸಿದೆ. ಇಲ್ಲಿ ಬರೆಯಲೂ ಅವರನ್ನು ಕೇಳಿಯೇ ಬರೆದದ್ದು.