ಹಿತ್ತಲಿನ ಗ್ಯಾಸ್ ಸ್ಮೋಕರ್: ಮೊದಲು ಗ್ಯಾಸ್, ಆಮೇಲೆ ಹೊಗೆ

ಅಮೆರಿಕದಲ್ಲಿ ಮನೆ ಕೊಂಡು ಹಿತ್ತಲು ಅಂತ ಒಂದಾದ ಮೇಲೆ ನಮ್ಮ ಹುಡುಗರು ಮೊದಲು ಗ್ರಿಲ್ ತರುತ್ತಾರೆ. ಒಂದೆರಡು ಬೇಸಿಗೆ ಕಳೆದ ಮೇಲೆ ಗ್ಯಾಸ್ ಸ್ಮೋಕರ್, ಅಂದರೆ ಮರದ ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಒಲೆ, ಬರುತ್ತದೆ. ನಾನಿರುವ ಡ್ಯಾಲಸ್ ಕಡೆಯಂತೂ ಶನಿವಾರ ಬಂತೆಂದರೆ ಯಾರದ್ದಾದರೂ ಬೇಲಿಯಾಚೆ ಓಕ್ ಕಟ್ಟಿಗೆಯ ವಾಸನೆ ಇದ್ದೇ ಇರುತ್ತದೆ. ಹೊಸದಾಗಿ ತಂದವರು ಫೋನ್ ಮಾಡಿ ಕೇಳುವುದು, "ಆಂಟಿ, ಯಾವ ಕಟ್ಟಿಗೆ ಹಾಕಬೇಕು? ಮಸಾಲೆ ಏನು ಹಚ್ಚಬೇಕು?" ಅಂತ. ಎರಡನ್ನೂ ಹೇಳಿಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಸ್ಮೋಕರ್ ಎಲ್ಲಿಟ್ಟಿದ್ದೀರಿ, ಪೈಪಿಗೆ ಸೋಪಿನ ನೀರು ಹಚ್ಚಿ ನೋಡಿದಿರಾ ಅಂತ ಕೇಳಿಯೇ ಕೇಳುತ್ತೇನೆ.

ಇದು ಬೀರುವಿನ ಹಾಗೆ ಎತ್ತರಕ್ಕೆ ನಿಂತಿರುವ ತಗಡಿನ ಪೆಟ್ಟಿಗೆ. ತಳದಲ್ಲಿ ಬರ್ನರ್, ಅದರ ಮೇಲೆ ಮರದ ಚಕ್ಕೆ ಹಾಕುವ ಟ್ರೇ, ಅದರ ಮೇಲೆ ನೀರಿನ ತಟ್ಟೆ, ಆಮೇಲೆ ಮೂರ್ನಾಲ್ಕು ಜಾಲರಿ. ಕಾವು ಗ್ಯಾಸಿನದು, ಹೊಗೆ ಮರದ್ದು. ಅಡುಗೆಮನೆಯ ಒಲೆಯ ಮುಂದೆ ನಾವೇ ನಿಂತಿರುತ್ತೇವೆ, ಏನಾದರೂ ಹೆಚ್ಚುಕಮ್ಮಿಯಾದರೆ ತಕ್ಷಣ ಗೊತ್ತಾಗುತ್ತದೆ. ಸ್ಮೋಕರ್‌ನಲ್ಲಿ ಬೆಂಕಿ ಮುಚ್ಚಿದ ಬಾಗಿಲ ಹಿಂದೆ ಐದಾರು ಗಂಟೆ ಉರಿಯುತ್ತದೆ, ನಾವು ಒಳಗೆ ಹೋಗಿ ಬೇರೆ ಕೆಲಸ ನೋಡುತ್ತೇವೆ. ಊರಲ್ಲಿ ಗ್ಯಾಸ್ ಒಲೆ ಉಪಯೋಗಿಸಿ ಗೊತ್ತಿದೆ ಎನ್ನುವ ಧೈರ್ಯ ಇಲ್ಲಿ ಸಾಲದು.

ಮೊದಲು ಜಾಗ. ಮನೆಯ ಗೋಡೆ, ಮರದ ಬೇಲಿ, ಮಾಡಿನ ಅಂಚು, ಒಣ ಎಲೆ ಇವುಗಳಿಂದ ಕನಿಷ್ಠ 10 ಅಡಿ ದೂರ ಇರಲಿ. ನೆಲ ಸಮತಟ್ಟಾಗಿರಲಿ, ಕಾಂಕ್ರೀಟ್ ಆದರೆ ಒಳ್ಳೆಯದು. ಮಳೆ ಬಂತು, ಗಾಳಿ ಜಾಸ್ತಿಯಾಯಿತು ಅಂತ ಗ್ಯಾರೇಜಿನೊಳಗೆ ಎಳೆದು ಬಾಗಿಲು ಅರ್ಧ ತೆರೆದಿಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಚಕ್ಕೆ ಹೊಗೆಯಾಡುವಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಶುರುವಾಗುವ ಹೊತ್ತಿಗೆ ಎದ್ದು ನಡೆಯುವ ಶಕ್ತಿಯೇ ಹೋಗಿರಬಹುದು. ಗ್ಯಾರೇಜು, ಟೆಂಟು, ಗಾಜು ಮುಚ್ಚಿದ ವರಾಂಡ ಯಾವುದೂ ಬೇಡ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಂತೂ ಬಹಳ ಊರುಗಳಲ್ಲಿ ಅಗ್ನಿಶಾಮಕ ನಿಯಮವೇ ಅಡ್ಡ ಬರುತ್ತದೆ. ಗಾಳಿ ಜೋರಿರುವ ದಿನ ಹೊಗೆ ಅಡುಗೆಯ ಯೋಚನೆಯನ್ನೇ ಬಿಟ್ಟು ಒಳಗೆ ಸಾರು ಮಾಡಿಕೊಂಡು ಉಣ್ಣಿ.

ಸಿಲಿಂಡರ್ ವಿಷಯಕ್ಕೆ ಬರೋಣ. ನಮ್ಮೂರಿನ 14.2 ಕೆಜಿ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯೂಟೇನ್ ಎರಡೂ ಬೆರೆತಿರುತ್ತವೆ. ಇಲ್ಲಿಯದು ಸುಮಾರು 9 ಕೆಜಿಯ ಪ್ರೊಪೇನ್, 20 ಪೌಂಡಿನದು ಅನ್ನುತ್ತಾರೆ. ಎರಡೂ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿಹೋಗುವುದಿಲ್ಲ, ನೆಲಕ್ಕೆ ಹತ್ತಿಕೊಂಡು ತಗ್ಗಿನಲ್ಲಿ, ಸ್ಮೋಕರಿನ ತಳದಲ್ಲಿ ನಿಲ್ಲುತ್ತದೆ. ಕೊಳೆತ ಮೊಟ್ಟೆಯಂಥ ಆ ವಾಸನೆ ಗೊತ್ತಾಗಲೆಂದೇ ಬೆರೆಸಿದ್ದು. ಹಾಗಾಗಿ ಅನುಮಾನ ಬಂದರೆ ನಿಂತು ಮೂಸದೆ ಬಗ್ಗಿ ಮೂಸಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಕಾರಿನಲ್ಲಿ ತರುವಾಗಲೂ ಅಷ್ಟೇ. ಕಿಟಕಿ ಇಳಿಸಿ, ನೇರ ಮನೆಗೆ ಬನ್ನಿ. ಬಿಸಿಲಲ್ಲಿ ಕಾರು ನಿಲ್ಲಿಸಿ ತರಕಾರಿ ಅಂಗಡಿಗೆ ಹೋಗಬೇಡಿ. ಹೆಚ್ಚುವರಿ ಸಿಲಿಂಡರನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಉರಿಯುತ್ತಿರುವ ಸ್ಮೋಕರಿನ ಪಕ್ಕದಲ್ಲಿ ಇಡುವಂತಿಲ್ಲ. ಗ್ಯಾಸ್ ಎಷ್ಟಿದೆ ಅಂತ ಅಲ್ಲಾಡಿಸಿ ನೋಡುವ ಬದಲು ತೂಕ ಹಾಕಿ. ಕತ್ತಿನ ಪಟ್ಟಿಯ ಮೇಲೆ ಖಾಲಿ ಸಿಲಿಂಡರಿನ ತೂಕ ಕೊರೆದಿರುತ್ತಾರೆ, ಸಾಮಾನ್ಯವಾಗಿ 17 ಪೌಂಡಿನ ಆಸುಪಾಸು. ಅದನ್ನು ಕಳೆದರೆ ಉಳಿದದ್ದು ಗ್ಯಾಸ್. ಅಡುಗೆ ನಡುವೆ ಗ್ಯಾಸ್ ಮುಗಿದರೆ ಅರ್ಧ ಬೆಂದ ಮಾಂಸ ಕೈಯಲ್ಲಿ ಉಳಿಯುತ್ತದೆ, ಅದು ದೊಡ್ಡ ಫಜೀತಿ.

ಹೊಸ ಸಿಲಿಂಡರ್ ಜೋಡಿಸಿದಾಗಲೆಲ್ಲ, ಬಹಳ ದಿನದ ಮೇಲೆ ಹೊರತೆಗೆದಾಗಲೆಲ್ಲ ಸೋಪಿನ ಪರೀಕ್ಷೆ ಮಾಡಿ. ಪಾತ್ರೆ ತೊಳೆಯುವ ಸೋಪು ಅರ್ಧ, ನೀರು ಅರ್ಧ. ಬರ್ನರಿನ ನಾಬ್ ಬಂದ್ ಇರಲಿ, ಸಿಲಿಂಡರಿನ ವಾಲ್ವ್ ಮಾತ್ರ ತೆರೆಯಿರಿ. ಹಳೇ ಬ್ರಶ್ಶಿನಿಂದ ವಾಲ್ವಿನ ಸುತ್ತ, ರೆಗ್ಯುಲೇಟರಿನ ಕೂಡುಗಡೆ, ಪೈಪಿನ ಉದ್ದಕ್ಕೂ ಹಚ್ಚಿ, ಒಂದು ನಿಮಿಷ ಕಣ್ಣಿಟ್ಟು ನೋಡಿ. ದೊಡ್ಡ ಸೋರಿಕೆಯಾದರೆ ಗುಳ್ಳೆ ಉಬ್ಬುತ್ತದೆ. ಸಣ್ಣದಾದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೇ ಕಡೆ ಮತ್ತೆ ಮತ್ತೆ ಏಳುತ್ತವೆ, ಒರೆಸಿದರೂ ಅಲ್ಲೇ ಬರುತ್ತವೆ. ಹಾಗೆ ಕಂಡರೆ ವಾಲ್ವ್ ಮುಚ್ಚಿ, ಬಿಗಿ ಮಾಡಿ, ಮತ್ತೆ ನೋಡಿ. ಆಗಲೂ ಬಂದರೆ ಆ ದಿನ ಹಚ್ಚಬೇಡಿ. ಪೈಪನ್ನು ಮೆಲ್ಲಗೆ ಬಗ್ಗಿಸಿ ಬಿರುಕಿದೆಯೇ, ಇಲಿ ಕಡಿದಿದೆಯೇ ನೋಡಿ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಹಚ್ಚುವಾಗ ಸ್ಮೋಕರಿನ ಬಾಗಿಲು ಪೂರ್ತಿ ತೆಗೆದಿರಬೇಕು. ನನ್ನ ಮಾತುಗಳಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಗ್ಯಾಸ್ ತುಂಬಿಕೊಂಡಾಗ ಕಿಡಿ ಬಿದ್ದರೆ ಬಾಗಿಲೇ ಮುಖಕ್ಕೆ ಬಂದು ಬಡಿಯುತ್ತದೆ. ನಾಬ್ ಬಂದ್ ಇಟ್ಟು ಸಿಲಿಂಡರ್ ವಾಲ್ವನ್ನು ನಿಧಾನವಾಗಿ ತಿರುಗಿಸಿ, ಆಮೇಲೆ ನಾಬ್ ತೆರೆದು ಕಿಡಿ ಒತ್ತಿ. ಐದು ಸೆಕೆಂಡಿನಲ್ಲಿ ಹತ್ತದಿದ್ದರೆ ಎಲ್ಲ ಬಂದ್ ಮಾಡಿ ಐದು ನಿಮಿಷ ಬಿಡಿ, ಬಾಗಿಲು ತೆರೆದೇ ಇರಲಿ. ಹತ್ತಿದ ಮೇಲೆ ಬಗ್ಗಿ ಉರಿ ನೋಡಿ, ನೀಲಿಯಾಗಿರಬೇಕು. ಹಳದಿಯಾಗಿ ತೂಗಾಡುತ್ತಿದ್ದರೆ ಗಾಳಿ ಸರಿಯಾಗಿ ಸೇರುತ್ತಿಲ್ಲ. ಬಹಳ ಸಲ ಬರ್ನರಿನ ಕೊಳವೆಯೊಳಗೆ ಜೇಡ ಬಲೆ ಕಟ್ಟಿರುತ್ತದೆ. ಗ್ಯಾಸ್ ಬಂದ್ ಮಾಡಿ, ತಣ್ಣಗಾದ ಮೇಲೆ ಬಿಚ್ಚಿ ಸಣ್ಣ ಬ್ರಶ್ಶಿನಿಂದ ತೆಗೆಯಿರಿ.

ಕೆಲವರು "ಎಷ್ಟು ತಿರುಗಿಸಿದರೂ ಉರಿ ಸಣ್ಣಗೇ ಇದೆ, ಕಾವೇ ಏರುತ್ತಿಲ್ಲ" ಅಂತ ಹೊಸ ರೆಗ್ಯುಲೇಟರ್ ತರಲು ಹೊರಡುತ್ತಾರೆ. ವಾಲ್ವನ್ನು ಒಮ್ಮೆಲೇ ತೆರೆದಾಗ, ಇಲ್ಲವೇ ನಾಬ್ ಮೊದಲೇ ತೆರೆದಿದ್ದಾಗ, ಒಳಗಿನ ರಕ್ಷಣಾ ಸಾಧನ ಪೈಪು ಒಡೆದಿದೆ ಎಂದುಕೊಂಡು ಗ್ಯಾಸನ್ನು ತಡೆಯುತ್ತದೆ. ಎಲ್ಲ ಬಂದ್ ಮಾಡಿ, ರೆಗ್ಯುಲೇಟರ್ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜೋಡಿಸಿ. ಈ ಸಲ ನಿಧಾನವಾಗಿ ತೆರೆಯಿರಿ. ಸಾಮಾನ್ಯವಾಗಿ ಸರಿಹೋಗುತ್ತದೆ.

ನೀರಿನ ತಟ್ಟೆ ಅಲಂಕಾರಕ್ಕಲ್ಲ. ಕಾವು ಏರಿಳಿಯದ ಹಾಗೆ ಹಿಡಿಯುತ್ತದೆ, ಸುರಿಯುವ ಕೊಬ್ಬು ಬರ್ನರಿನ ಮೇಲೆ ಬೀಳದಂತೆ ತಡೆಯುತ್ತದೆ. ನೀರು ಆರಿದರೆ ಆ ಕೊಬ್ಬೇ ಹೊತ್ತಿಕೊಳ್ಳಬಹುದು. ಗಂಟೆ ಎರಡು ಗಂಟೆಗೊಮ್ಮೆ ನೋಡಿ, ಬಿಸಿನೀರನ್ನೇ ಹಾಕಿ. ತಣ್ಣೀರು ಹಾಕಿದರೆ ಕಾವು ಬಿದ್ದುಹೋಗುತ್ತದೆ. ಅಕಸ್ಮಾತ್ ಕೊಬ್ಬಿಗೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಬಾಗಿಲು ಮುಚ್ಚಿ, ಕೈಗೆ ಸಿಗುವಂತಿದ್ದರೆ ಗ್ಯಾಸ್ ಬಂದ್ ಮಾಡಿ. ಬಾಗಿಲು ತೆಗೆದಷ್ಟೂ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. ಬೆಂಕಿ ಆರಿಸುವ ಡಬ್ಬಿ ಹಿಂಬಾಗಿಲ ಹತ್ತಿರವೇ ಇರಲಿ. ಬೆಂಕಿ ಕೈಮೀರುತ್ತಿದೆ ಅನ್ನಿಸಿದರೆ ದೂರ ಸರಿದು 911ಕ್ಕೆ ಫೋನ್ ಮಾಡಿ. ಮಕ್ಕಳಿರುವ ಮನೆಯಲ್ಲಿ ಸ್ಮೋಕರಿನ ಸುತ್ತ ಮೂರಡಿ ಯಾರೂ ಸುಳಿಯದಂತೆ ನೋಡಿಕೊಳ್ಳಿ, ಆ ತಗಡು ಮುಟ್ಟಿದರೆ ಚರ್ಮ ಅಂಟಿಕೊಳ್ಳುವಷ್ಟು ಕಾದಿರುತ್ತದೆ.

ಇನ್ನು ಕಟ್ಟಿಗೆ. ಓಕ್, ಹಿಕರಿ, ಪೆಕಾನ್, ಸೇಬು, ಚೆರಿ ಇವೆಲ್ಲ ಅಡುಗೆಗೆ ಸರಿ. ಮೆಸ್ಕೀಟ್ ಟೆಕ್ಸಸ್ಸಿನವರ ಪ್ರೀತಿಯದು, ಆದರೆ ಬಹಳ ಖಡಕ್ಕು. ಕೋಳಿಗೆ, ತರಕಾರಿಗೆ ನಾನು ಹಾಕುವುದಿಲ್ಲ. ಪೈನ್‌ನಂಥ ಅಂಟುಮರ, ಪ್ಲೈವುಡ್, ಬಣ್ಣ ಬಳಿದ ಹಲಗೆ, ಹಳೇ ಬೇಲಿಯ ಚೂರು ಯಾವುದನ್ನೂ ಹಾಕಬಾರದು, ಅವುಗಳ ಹೊಗೆ ವಿಷ. ಚಕ್ಕೆಯನ್ನು ರಾತ್ರಿಯಿಡೀ ನೆನೆಸುವುದೂ ಬೇಕಿಲ್ಲ. ಒಳಗೆ ನೀರು ಅಷ್ಟಾಗಿ ಇಳಿಯುವುದಿಲ್ಲ, ಮೊದಲು ಬರೀ ಆವಿ ಬರುತ್ತದೆ, ಆರಿದ ಮೇಲೇ ಹೊಗೆ. ಒಂದು ಹಿಡಿಯಷ್ಟು ಸಾಕು. ಮೇಲಿನ ಕಿಂಡಿ ತೆರೆದಿರಲಿ. ದಟ್ಟ ಬಿಳಿ ಹೊಗೆ ಬರುವಾಗ ಪದಾರ್ಥ ಇಡಬೇಡಿ, ಆ ಹೊಗೆಯ ಮಸಿ ಕೂತು ನಾಲಿಗೆ ಕಹಿಯಾಗುತ್ತದೆ. ಬಿಳಿ ಕರಗಿ, ಕಂಡೂ ಕಾಣದ ತಿಳಿನೀಲಿ ಎಳೆ ಏಳಲು ಶುರುವಾದಾಗ ಒಳಗಿಡಿ. ಮಲೆನಾಡಿನ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ಹರವುತ್ತಿದ್ದದ್ದು ನೋಡಿದವರಿಗೆ ಗೊತ್ತು, ಅಲ್ಲಿ ಹೊಗೆ ತೆಳ್ಳಗೆ, ಬಿಡದೆ ಆಡುತ್ತಿತ್ತು. ಇಲ್ಲಿಯೂ ಬೇಕಾದದ್ದು ಅದೇ ಹದ.

ಮಾಂಸದ ವಿಷಯದಲ್ಲಿ ಕಣ್ಣಳತೆ ನಂಬಬೇಡಿ. ನಮಗೆಲ್ಲ ಒಳಗೆ ಕೆಂಪು ಕಂಡರೆ ಬೆಂದಿಲ್ಲ, ಬಿಳಿಯಾದರೆ ಬೆಂದಿದೆ ಎಂಬ ಲೆಕ್ಕ. ಹೊಗೆಯಲ್ಲಿ ಬೆಂದ ಮಾಂಸ ಪೂರ್ತಿ ಬೆಂದರೂ ಅಂಚಿನಲ್ಲಿ ಗುಲಾಬಿಯಾಗಿಯೇ ಇರುತ್ತದೆ, ಹೊಗೆಯಲ್ಲಿನ ಅನಿಲ ಮಾಂಸದ ಬಣ್ಣಕ್ಕೆ ಅಂಟಿಕೊಂಡದ್ದರಿಂದ. ಮೇಲೆ ಕಂದುಬಣ್ಣ ಬಂದು ಒಳಗೆ ಹಸಿಯಿರುವುದೂ ಉಂಟು. ಹಾಗಾಗಿ ಚುಚ್ಚುವ ಥರ್ಮಾಮೀಟರ್ ಬೇಕೇ ಬೇಕು. ಐಸ್ ತುಂಬಿದ ನೀರಿನಲ್ಲಿ ಅದ್ದಿದರೆ 32 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು, ತೋರಿಸದಿದ್ದರೆ ನಂಬಬೇಡಿ. ಬಾಗಿಲ ಮೇಲಿನ ಮುಳ್ಳು ಹೇಳುವುದು ಪೆಟ್ಟಿಗೆಯ ಕಾವನ್ನು, ಅದೂ ಅಂದಾಜು. ಕೋಳಿಯ ದಪ್ಪ ಭಾಗದಲ್ಲಿ, ಮೂಳೆಗೆ ತಾಗದಂತೆ ಚುಚ್ಚಿದಾಗ 165 ಡಿಗ್ರಿ ಬರಬೇಕು, ಅಂದರೆ 74 ಸೆಲ್ಸಿಯಸ್. ಕುರಿ ಕೈಮಾ ಉಂಡೆಗೆ 160, ಮೀನಿಗೆ 145. ಫ್ರೀಜರಿನಿಂದ ತೆಗೆದ ಗಟ್ಟಿ ಮಾಂಸವನ್ನು ಹಾಗೇ ಸ್ಮೋಕರಿಗೆ ಇಡಬಾರದು, ಹಿಂದಿನ ದಿನವೇ ಫ್ರಿಜ್ಜಿನ ಕೆಳತಟ್ಟಿಗೆ ಇಳಿಸಿ. ಈ ಕಾವಿನಲ್ಲಿ ಅದು ಕರಗಿ ಬಿಸಿಯಾಗುವಷ್ಟರಲ್ಲಿ ಸೂಕ್ಷ್ಮಾಣುಗಳು ಬೆಳೆದಿರುತ್ತವೆ.

ಹೊಸಬರು ಕೋಳಿಕಾಲಿನಿಂದ ಶುರುಮಾಡಿ. ಬ್ಯಾಡಗಿ ಮೆಣಸಿನ ಪುಡಿ, ಧನಿಯ, ಕಾಳುಮೆಣಸು, ಬೆಳ್ಳುಳ್ಳಿ ಪುಡಿ, ಉಪ್ಪು, ಸ್ವಲ್ಪ ಪುಡಿಬೆಲ್ಲ ಬೆರೆಸಿ ಒಣದಾಗಿಯೇ ಹಚ್ಚಿ, ಒಂದು ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡಿ. ಮೊಸರಿನ ಮಸಾಲೆಯನ್ನು ದಪ್ಪಗೆ ಮೆತ್ತಿದರೆ ಹೊಗೆ ಮಸಾಲೆಗೆ ಹಿಡಿಯುತ್ತದೆ, ಮಾಂಸಕ್ಕಲ್ಲ. ಪೆಟ್ಟಿಗೆಯ ಕಾವು 275 ಇರಲಿ. 225ರಲ್ಲಿ ಬೇಯಿಸಿದರೆ ಚರ್ಮ ರಬ್ಬರಾಗುತ್ತದೆ. ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. 165ಕ್ಕೆ ತಿನ್ನಬಹುದು, ಆದರೆ ಕಾಲು ತೊಡೆ 175 ದಾಟಿದ ಮೇಲೇ ಮೂಳೆ ಬಿಡುವ ಹಾಗೆ ಮೆತ್ತಗಾಗುತ್ತದೆ.

ನನ್ನ ಮನೆಯಲ್ಲಿ ಹೆಚ್ಚು ಬೇಡಿಕೆ ಇರುವುದು ಹಂದಿಮಾಂಸಕ್ಕೆ. ಭುಜದ ಭಾಗ, ನಾಲ್ಕು ಪೌಂಡಿನ ತುಂಡು, ಉಪ್ಪು ಅರಿಸಿನ ಹಚ್ಚಿ 225ರಿಂದ 250ರಲ್ಲಿ ಇಡುತ್ತೇನೆ. ಒಳಗಿನ ಕಾವು 160ರ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಂತುಬಿಡುತ್ತದೆ. ಒಲೆ ಕೆಟ್ಟಿದೆಯೆಂದು ಗಾಬರಿಯಾಗಿ ಗ್ಯಾಸ್ ಹೆಚ್ಚಿಸಬೇಡಿ. ಮಾಂಸದ ನೀರು ಆವಿಯಾಗುತ್ತಾ ಮೈ ತಣಿಸಿಕೊಳ್ಳುತ್ತಿದೆ ಅಷ್ಟೇ. ಆಗ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ ಮತ್ತೆ ಇಟ್ಟರೆ ಮುಂದೆ ಸಾಗುತ್ತದೆ. 195 ದಾಟಿದ ಮೇಲೆ ತೆಗೆದು ಅರ್ಧ ಗಂಟೆ ಬಿಟ್ಟು ಕೈಯಲ್ಲೇ ಬಿಡಿಸಿ. ಜೀರಿಗೆ, ಸಾಸಿವೆ, ಕಾಳುಮೆಣಸು, ಧನಿಯ ಕಪ್ಪಗೆ ಹುರಿದು ಪುಡಿಮಾಡಿ, ಈರುಳ್ಳಿ ಬಾಡಿಸಿದ ಬಾಣಲೆಗೆ ಮಾಂಸ, ಪುಡಿ, ಕೊನೆಗೆ ಒಂದು ಚಮಚ ಕಾಚಂಪುಳಿ, ಅದು ಕೊಡಗಿನ ಕಪ್ಪು ಹುಳಿರಸ. ಹೊಗೆಗೂ ಕಾಚಂಪುಳಿಯ ಹುಳಿಗೂ ಅದೆಂಥ ಹೊಂದಾಣಿಕೆ ಅನ್ನುವುದು ಅಕ್ಕಿರೊಟ್ಟಿ ಜೊತೆ ತಿಂದವರಿಗೆ ಗೊತ್ತು.

ಸಸ್ಯಾಹಾರಿಗಳೂ ಸ್ಮೋಕರನ್ನು ಚೆನ್ನಾಗಿ ಉಪಯೋಗಿಸಬಹುದು. ಗುಂಡು ಬದನೆಕಾಯಿಗೆ ಫೋರ್ಕಿನಿಂದ ಅಲ್ಲಲ್ಲಿ ಚುಚ್ಚಿ, ಎಣ್ಣೆ ಸವರಿ 250ರಲ್ಲಿ ಒಂದೂವರೆ ಗಂಟೆ ಇಡಿ, ಕುಸಿದು ಸುಕ್ಕಾಗಬೇಕು. ಕೆಂಡದಲ್ಲಿ ಸುಟ್ಟ ಹಾಗೆ ಸಿಪ್ಪೆ ಕರಕಲಾಗುವುದಿಲ್ಲ, ಆದ್ದರಿಂದ ಸುಲಿಯಲು ಹೋಗದೆ ಚಮಚದಲ್ಲಿ ತಿರುಳು ಕೆರೆದು ತೆಗೆಯಿರಿ. ಹಸಿಮೆಣಸು, ಮೊಸರು, ಇಂಗಿನ ಒಗ್ಗರಣೆ ಹಾಕಿ ಮೊಸರುಗೊಜ್ಜು ಮಾಡಿ. ಟೊಮೆಟೊ ಹೋಳುಮಾಡಿ ಒಂದು ಗಂಟೆ ಹೊಗೆಯಲ್ಲಿಟ್ಟು ಸಾರು ಮಾಡಿದರೆ ಹುಣಸೆ ಅರ್ಧ ಸಾಕು. ಹರಳುಪ್ಪನ್ನು ತಟ್ಟೆಯಲ್ಲಿ ತೆಳ್ಳಗೆ ಹರವಿ ಎರಡು ಗಂಟೆ ಇಟ್ಟುಕೊಂಡರೆ ಮಜ್ಜಿಗೆಗೆ ಚಿಟಿಕೆ ಹಾಕಬಹುದು. ಉಪ್ಪು ಇಡುವ ದಿನ ತಟ್ಟೆಯಲ್ಲಿ ನೀರು ಬೇಡ. ಮಾಂಸದ ಜೊತೆಗೇ ತರಕಾರಿ ಇಡುವುದಾದರೆ ತರಕಾರಿ ಮೇಲಿನ ಜಾಲರಿಗೆ, ಮಾಂಸ ಕೆಳಗೆ, ರಸ ತರಕಾರಿಯ ಮೇಲೆ ತೊಟ್ಟಿಕ್ಕಬಾರದು. ಮಾಂಸ ಮುಟ್ಟದ ಅತಿಥಿಗಳಿದ್ದರೆ ಬೇರೆ ದಿನವೇ ಮಾಡಿ, ಜಾಲರಿ ತೊಳೆದಿಟ್ಟು.

ಹೊಗೆ ಹಿಡಿಸಿದ್ದೇವೆ, ಕೆಡುವುದಿಲ್ಲ ಎಂಬ ಭ್ರಮೆ ಬಹಳ ಜನಕ್ಕಿದೆ. ಹಿಂದಿನವರು ಅಟ್ಟದಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದ ಮಾಂಸ ಉಪ್ಪು ಹಾಕಿ ಪೂರ್ತಿ ಒಣಗಿಸಿದ್ದು. ನಮ್ಮ ಸ್ಮೋಕರಿನಲ್ಲಿ ಆಗುವುದು ಬರೀ ಅಡುಗೆ, ಒಳಗೆ ರಸ ಹಾಗೇ ಇರುತ್ತದೆ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು. ಹೊರಗೆ 90 ಡಿಗ್ರಿ ದಾಟಿದ ಟೆಕ್ಸಸ್ ಬೇಸಿಗೆಯಲ್ಲಿ ಒಂದೇ ಗಂಟೆ. ದೊಡ್ಡ ತುಂಡನ್ನು ಬಿಡಿಸಿ ಅಗಲ ಡಬ್ಬಿಗೆ ಹಾಕಿದರೆ ಬೇಗ ತಣಿಯುತ್ತದೆ. ಮೂರ್ನಾಲ್ಕು ದಿನದಲ್ಲಿ ಮುಗಿಸಿ, ಉಳಿಯುತ್ತದೆ ಅನ್ನಿಸಿದರೆ ಮೊದಲ ದಿನವೇ ಫ್ರೀಜರಿಗೆ ಹಾಕಿ.

ಉಂಡು ಮಲಗುವ ಮೊದಲು ನಾಬ್, ಸಿಲಿಂಡರ್ ವಾಲ್ವ್ ಎರಡೂ ಬಂದ್ ಇವೆಯೇ ಅಂತ ಕೈಯಿಂದಲೇ ಮುಟ್ಟಿ ನೋಡಿ. ಟ್ರೇಯಲ್ಲಿ ಉಳಿದ ಚಕ್ಕೆ ಬೂದಿಯಾಗಿ ಕಂಡರೂ ಒಳಗೆ ಕಿಡಿ ಇರುತ್ತದೆ. ಕಬ್ಬಿಣದ ಬಕೆಟ್ಟಿಗೆ ಸುರಿದು ನೀರು ಹೊಯ್ಯಿರಿ, ಕಸದ ಪ್ಲಾಸ್ಟಿಕ್ ಡಬ್ಬಿಗೆ ನೇರ ಹಾಕಬೇಡಿ. ತಟ್ಟೆಯಲ್ಲಿನ ಕೊಬ್ಬಿನ ನೀರು ಮಾರನೆಯ ದಿನ ಹೆಪ್ಪುಗಟ್ಟಿದಾಗ ಮೇಲಿನ ಕೊಬ್ಬನ್ನು ಕೆರೆದು ಕಸಕ್ಕೆ ಹಾಕಿ, ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಒಳಗೋಡೆಯ ತೆಳು ಕಪ್ಪು ಬಣ್ಣ ಇರಲಿ, ಜಿಡ್ಡಾಗಿ ಸಿಪ್ಪೆ ಏಳುತ್ತಿರುವುದನ್ನು ಮಾತ್ರ ಕೆರೆದು ತೆಗೆಯಿರಿ. ಪೂರ್ತಿ ತಣಿದ ಮೇಲೆ ಹೊದಿಕೆ ಹಾಕಿ.